ಚಪ್ಪರವಿಲ್ಲದ ಚಪ್ಪರಬದನೆ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಎರಡು ಚಿತ್ರಗಳನ್ನು ಕಳುಹಿಸಿದ್ದ. ಐದನೆಯ ಮಹಡಿಯ ಬಾಲ್ಕನಿ, ಕಂಬಿಗಳ ಪಕ್ಕದಲ್ಲಿ ನಾಲ್ಕು ಕುಂಡಗಳು, ಒಂದೊಂದರಲ್ಲೂ ಗೇಣುದ್ದದ ಗಿಡ, ಗಿಡದ ತುಂಬ ಗೋಲಿ ಗಾತ್ರದ ಕೆಂಪು ಟೊಮೇಟೊ ಗೊಂಚಲು. ಜೊತೆಗೊಂದು ಒಕ್ಕಣೆ: "ಮೇಷ್ಟ್ರೇ, ಒಂಬತ್ತನೇ ತರಗತಿಯಲ್ಲಿ ನೀವು ಹೇಳಿದ್ದ ಕರ್ನಲ್ ಜಾನ್ಸನ್ ಕಥೆಯನ್ನು ಮಗಳಿಗೆ ಹೇಳುತ್ತಲೇ ಈ ಹಣ್ಣು ತಿನ್ನಿಸಿದೆ. ಅಂದ ಹಾಗೆ, ಈ ಚೆರ್ರಿ ಟೊಮೇಟೊ ಇಸ್ರೇಲಿನವರು ಕಂಡುಹಿಡಿದದ್ದಂತೆ, ಹೌದೇ?"

ಚಿತ್ರ ನೋಡಿ ಆದ ಸಂತೋಷ ಒಕ್ಕಣೆ ಓದುವಷ್ಟರಲ್ಲಿ ಅರ್ಧಕ್ಕಿಳಿಯಿತು. ಕಾರಣವಿಷ್ಟೆ, ಆ ಜಾನ್ಸನ್ ಕಥೆ ನಿಜವಲ್ಲ. ನಾನು ಹೇಳಿದ ತಪ್ಪು ಈಗ ನನ್ನ ವಿದ್ಯಾರ್ಥಿಯ ಮಗಳವರೆಗೂ ಹೋಗಿ ತಲಪಿದೆ. ಅವನಿಗೊಬ್ಬನಿಗೆ ಉತ್ತರ ಬರೆದರೆ ಸಾಲದು, ಆ ತರಗತಿಗಳಲ್ಲಿ ಕುಳಿತಿದ್ದ ಎಲ್ಲರಿಗೂ ತಿಳಿಸಬೇಕು ಎನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಕಥೆ ಮರೆತವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೇಲಂ ಎಂಬ ಊರು. 1820ನೆಯ ಇಸವಿ. ಟೊಮೇಟೊ ವಿಷದ ಹಣ್ಣೆಂದು ಜನರೆಲ್ಲ ನಂಬಿದ್ದ ಕಾಲ. ಕರ್ನಲ್ ರಾಬರ್ಟ್ ಗಿಬ್ಬನ್ ಜಾನ್ಸನ್ ಎಂಬ ಗಣ್ಯರು ಬುಟ್ಟಿ ತುಂಬ ಟೊಮೇಟೊ ಹಿಡಿದು ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಅವರು ಸಾಯುವುದನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಒಂದೊಂದೇ ಹಣ್ಣು ತಿನ್ನುತ್ತ ಹೋದ ಕರ್ನಲ್ ಸಾಯುವುದಿಲ್ಲ! ಮೂಢನಂಬಿಕೆ ಸಾಯುತ್ತದೆ. ಇಲ್ಲದ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಈ ಪ್ರಸಂಗವನ್ನು ಅಭಿನಯಿಸುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಓದಿದ್ದೆ, ನಂಬಿದ್ದೆ, ನಂಬಿಸಿದ್ದೆ.

ಜಾನ್ಸನ್ ಎಂಬುವರು ನಿಜವಾಗಿಯೂ ಇದ್ದರು. ಸೇಲಂ ಊರಿನ ಇತಿಹಾಸವನ್ನು ಬರೆದು 1839ರಲ್ಲಿ ಪ್ರಕಟಿಸಿದವರು ಅವರೇ. ಆದರೆ ಮೆಟ್ಟಿಲಿನ ಮೇಲಿನ ಆ ಸಾಹಸಕ್ಕೆ ಸಮಕಾಲೀನ ದಾಖಲೆಯಿಲ್ಲ. ಇದನ್ನು ಬೆನ್ನುಹತ್ತಿ ಪರಿಶೀಲಿಸಿದವರು ಆಹಾರ ಇತಿಹಾಸಕಾರ ಆಂಡ್ರ್ಯೂ ಸ್ಮಿತ್. ಅಮೆರಿಕದ ಟೊಮೇಟೊ ಕುರಿತ ಅವರ ಗ್ರಂಥ 1994ರಲ್ಲಿ ಬಂತು. ಕಥೆ ಬಾಯಿಂದ ಬಾಯಿಗೆ ಹೋಗುತ್ತ 20ನೆಯ ಶತಮಾನದಲ್ಲಿ ಬಣ್ಣ ಪಡೆಯಿತೆಂದೂ, 1949ರಲ್ಲಿ ಅಮೆರಿಕದ ರೇಡಿಯೊದಲ್ಲಿ ನಾಟಕವಾಗಿ ಮನೆಮನೆಗೂ ತಲಪಿತೆಂದೂ ಅವರು ತೋರಿಸಿದರು. ಅಷ್ಟೇಕೆ, ಥಾಮಸ್ ಜೆಫರ್ಸನ್ ತಮ್ಮ ಮಾಂಟಿಚೆಲ್ಲೊ ತೋಟದಲ್ಲಿ 1809ರಿಂದಲೇ ಟೊಮೇಟೊ ಬಿತ್ತಿದ್ದನ್ನು ತೋಟದ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಂದಮೇಲೆ 1820ರಲ್ಲಿ ಅಮೆರಿಕನ್ನರಿಗೆ ಧೈರ್ಯ ತುಂಬಲು ಕರ್ನಲ್ ಸಾಹೇಬರೇ ಬರಬೇಕಿರಲಿಲ್ಲ.

ಭಯವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಟೊಮೇಟೊ ಬದನೆಯ ಕುಲದ್ದು. ಬದನೆ, ಆಲೂಗಡ್ಡೆ, ಮೆಣಸಿನಕಾಯಿಗಳ ಜೊತೆಗೆ ಉಮ್ಮತ್ತಿಯಂಥ ವಿಷಸಸ್ಯಗಳೂ ಆ ಬಳಗದಲ್ಲಿವೆ. 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ತನ್ನ ಸಸ್ಯಗ್ರಂಥದಲ್ಲಿ ಈ ಗಿಡವನ್ನು ದುರ್ವಾಸನೆಯದೆಂದು ಹಳಿದಿದ್ದ. ಸಂಶಯ ಹಲವು ಕಾಲ ಉಳಿದದ್ದು ನಿಜ. ಆದರೆ ಅದು ಒಬ್ಬ ವೀರನಿಂದ ಒಂದೇ ಮಧ್ಯಾಹ್ನದಲ್ಲಿ ಕರಗಲಿಲ್ಲ. ಅಡುಗೆಮನೆಗಳಲ್ಲಿ ಹೆಸರಿಲ್ಲದ ಹೆಂಗಸರ ಕೈಯಲ್ಲಿ ನಿಧಾನವಾಗಿ ಕರಗಿತು.

ಇನ್ನು ಎರಡನೆಯ ಪ್ರಶ್ನೆ: ಚೆರ್ರಿ ಟೊಮೇಟೊವನ್ನು ಕಂಡುಹಿಡಿದವರು ಯಾರು? ಇದಕ್ಕೆ ಉತ್ತರಿಸುವ ಮುನ್ನ ಚಿತ್ರದಲ್ಲಿರುವ ಎರಡು ಸಣ್ಣತನಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಣ್ಣು ಸಣ್ಣದು, ಗಿಡವೂ ಸಣ್ಣದು. ಇವೆರಡೂ ಒಟ್ಟಿಗೇ ಬಂದವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಮೊದಲನೆಯದು ಅತಿ ಪ್ರಾಚೀನ, ಎರಡನೆಯದು ತೀರ ಈಚಿನದು.

ಮೊದಲು ಹಣ್ಣಿನ ಮಾತು. ದಕ್ಷಿಣ ಅಮೆರಿಕದ ಪೆರು ಮತ್ತು ಈಕ್ವೆಡಾರ್ ದೇಶಗಳ ಕರಾವಳಿಯಲ್ಲಿ ಇಂದಿಗೂ ಕಾಡು ಟೊಮೇಟೊ ಬೆಳೆಯುತ್ತದೆ. ಹಣ್ಣಿನ ಅಡ್ಡಳತೆ ಸುಮಾರು ಒಂದು ಸೆಂಟಿಮೀಟರ್, ನಮ್ಮ ಬೇಲಿಸಾಲಿನ ಗಣಿಕೆ ಹಣ್ಣಿಗಿಂತ ತುಸು ದೊಡ್ಡದು. ಶಾಲೆಯಿಂದ ಮನೆಗೆ ಹೋಗುವಾಗ ಗಣಿಕೆ ಹಣ್ಣು ಕಿತ್ತು ತಿಂದು ನಾಲಿಗೆ ನೇರಳೆಯಾಗಿಸಿಕೊಂಡವರಿಗೆ ಗಾತ್ರ ಅಂದಾಜಾದೀತು. ಈ ಕಾಡುಜಾತಿಯಿಂದ ಚೆರ್ರಿ ಗಾತ್ರದ ಟೊಮೇಟೊ ಕವಲೊಡೆದದ್ದು ಮನುಷ್ಯನು ಬೇಸಾಯ ಕಲಿಯುವುದಕ್ಕೂ ಎಷ್ಟೋ ಸಾವಿರ ವರ್ಷ ಮೊದಲೆಂದು 2020ರಲ್ಲಿ ಪ್ರಕಟವಾದ ಒಂದು ತಳಿವಿಜ್ಞಾನ ಅಧ್ಯಯನ ಅಂದಾಜಿಸಿದೆ. ಅದು ಉತ್ತರಕ್ಕೆ ಹರಡಿ, ಮೆಕ್ಸಿಕೊ ಪ್ರದೇಶದ ರೈತರ ಕೈಗೆ ಸಿಕ್ಕಿ, ದೊಡ್ಡ ಹಣ್ಣಾಯಿತು. ದೊಡ್ಡ ಹಣ್ಣಿನ ಬೀಜವನ್ನೇ ಮುಂದಿನ ಬಿತ್ತನೆಗೆ ಎತ್ತಿಡುವ ರೈತನ ಅಭ್ಯಾಸವೇ ಇದನ್ನು ಸಾಧಿಸಿತು. ಹಣ್ಣಿನ ತೂಕವನ್ನು ಶೇಕಡಾ 30ರವರೆಗೂ ಬದಲಿಸಬಲ್ಲ ಒಂದು ವಂಶವಾಹಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವನ್ ಟ್ಯಾಂಕ್ಸ್ಲಿ ಅವರ ತಂಡ 2000ದಲ್ಲಿ ಗುರುತಿಸಿತು.

ಅಜ್ಟೆಕರ ನಾವಾಟ್ಲ್ ಭಾಷೆಯ 'ಟೊಮಾಟ್ಲ್' ಎಂಬ ಪದವೇ ನಮ್ಮ 'ಟೊಮೇಟೊ'ವಿನ ಮೂಲ. 1521ರಲ್ಲಿ ಸ್ಪೇನಿನವರು ಅಜ್ಟೆಕರ ರಾಜಧಾನಿಯನ್ನು ಗೆದ್ದರು. ಅದೇ ಶತಮಾನದಲ್ಲಿ ಅಲ್ಲಿನ ಬದುಕನ್ನು ದಾಖಲಿಸಿದ ಪಾದ್ರಿ ಬೆರ್ನಾರ್ಡಿನೊ ಸಹಗುನ್, ಸಂತೆಯಲ್ಲಿ ದೊಡ್ಡವು, ಚಿಕ್ಕವು, ಬಗೆಬಗೆಯ ಟೊಮೇಟೊಗಳನ್ನು ಮಾರುವವರನ್ನು ವರ್ಣಿಸಿದ್ದಾರೆ. ಯೂರೋಪಿನ ಗ್ರಂಥಗಳಲ್ಲಿ ಮೊದಲು ಇದನ್ನು ಪ್ರಸ್ತಾಪಿಸಿದವನು ಇಟಲಿಯ ಮತ್ತಿಯೋಲಿ, 1544ರಲ್ಲಿ. ಸ್ವಿಟ್ಜರ್ಲೆಂಡಿನ ಕಾಸ್ಪರ್ ಬೌಹಿನ್ 1623ರ ತನ್ನ ಗ್ರಂಥದಲ್ಲಿ ಚೆರ್ರಿ ಹಣ್ಣಿನ ಆಕಾರದ, ಗೊಂಚಲು ಬಿಡುವ ಒಂದು ಬಗೆಯನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾನೆ. ನಾನೂರು ವರ್ಷಗಳ ಹಿಂದೆಯೇ ಹೆಸರಿಗೆ ಚೆರ್ರಿ ಸೇರಿಕೊಂಡಿತ್ತು ಎಂದಾಯಿತು.

ಹಾಗಾದರೆ ಇಸ್ರೇಲಿನ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಬುನಾದಿಯಿದೆ. ಹೀಬ್ರೂ ವಿಶ್ವವಿದ್ಯಾಲಯದ ನಹೂಮ್ ಕೇದಾರ್ ಮತ್ತು ಹಾಯಿಮ್ ರಾಬಿನೊವಿಚ್ ಎಂಬ ವಿಜ್ಞಾನಿಗಳು 1970ರ ದಶಕದಿಂದ ಟೊಮೇಟೊ ಹಣ್ಣು ಬೇಗ ಕೊಳೆಯದಂತೆ ತಳಿ ಸುಧಾರಣೆ ಮಾಡಿದರು. ಚೆರ್ರಿ ಟೊಮೇಟೊ ದೂರದ ಅಂಗಡಿಗಳಿಗೆ ಸಾಗುವ ವ್ಯಾಪಾರದ ಸರಕಾಗಲು ಇದು ನೆರವಾಯಿತು. ಬಾಳಿಕೆ ಹೆಚ್ಚಿಸಿದ್ದು ದೊಡ್ಡ ಕೆಲಸವೇ, ಗೌರವ ಸಲ್ಲಲೇಬೇಕು. ಆದರೆ ಬಾಳಿಕೆ ಕೊಟ್ಟವನು ಬೇರೆ, ಹುಟ್ಟು ಕೊಟ್ಟವನು ಬೇರೆ. ಚೆರ್ರಿ ಟೊಮೇಟೊವನ್ನು ಯಾರೂ ಕಂಡುಹಿಡಿಯಲಿಲ್ಲ. ಕಂಡುಹಿಡಿಯಬೇಕಾಗಿ ಬಂದದ್ದು ದೊಡ್ಡ ಟೊಮೇಟೊವನ್ನು.

ಈಗ ಗಿಡದ ಮಾತು. ನನ್ನ ಬಾಲ್ಯದಲ್ಲಿ ಹಿರಿಯರು ಟೊಮೇಟೊವನ್ನು ಚಪ್ಪರಬದನೆ ಎನ್ನುತ್ತಿದ್ದರು. ಬಂಗಾಳಿಗಳು 'ಬಿಲಾಯತಿ ಬದನೆ' ಎಂಬರ್ಥದ ಹೆಸರಿಟ್ಟು ಅದು ಹೊರಗಿನದೆಂಬುದನ್ನು ನೆನಪಿಟ್ಟುಕೊಂಡರು. ನಮ್ಮವರ ಹೆಸರು ಅದರ ಬೆಳವಣಿಗೆಯ ರೀತಿಯನ್ನು ಹಿಡಿದಿದೆ. ಹೀರೆ, ಪಡವಲಗಳಂತೆ ಇದಕ್ಕೂ ಆಸರೆ ಬೇಕು. ಸಹಜವಾದ ಟೊಮೇಟೊ ನಿಲ್ಲದೆ ಬೆಳೆಯುವ ಗಿಡ. ಮೂರು ಎಲೆ, ಒಂದು ಹೂಗೊಂಚಲು, ಮತ್ತೆ ಮೂರು ಎಲೆ, ಮತ್ತೊಂದು ಗೊಂಚಲು... ಆಳೆತ್ತರ ಮೀರಿದರೂ ನಿಲ್ಲದು. ಕಾಡಿನ ಪುಟ್ಟ ಹಣ್ಣಿನ ಗಿಡವೂ ಹೀಗೆಯೇ ಹರಡಿಕೊಳ್ಳುತ್ತದೆ. ಅದನ್ನು ಬಾಲ್ಕನಿಯಲ್ಲಿ ಸಾಕುವುದು ಕಷ್ಟ.

1914ರಲ್ಲಿ ಅಮೆರಿಕದ ಫ್ಲಾರಿಡಾದ ಹೊಲವೊಂದರಲ್ಲಿ ತಾನಾಗಿಯೇ ಒಂದು ವಿಚಿತ್ರ ಗಿಡ ಹುಟ್ಟಿಕೊಂಡಿತು. ಗೊಂಚಲುಗಳ ನಡುವಿನ ಎಲೆಗಳು ಕಡಿಮೆಯಾಗುತ್ತ ಹೋಗಿ, ಕೊನೆಗೆ ಕುಡಿಯೇ ಹೂಗೊಂಚಲಾಗಿ, ಬೆಳವಣಿಗೆ ಅಲ್ಲಿಗೆ ನಿಂತಿತು. ಯಾರೂ ಕತ್ತರಿಸದೆಯೇ ತನ್ನನ್ನು ತಾನು ಸವರಿಕೊಂಡ ಗಿಡ. ಎ. ಎಫ್. ಯೇಗರ್ ಎಂಬ ತೋಟಗಾರಿಕೆ ವಿಜ್ಞಾನಿ 1927ರಲ್ಲಿ ಈ ಗುಣದ ಅನುವಂಶೀಯತೆಯನ್ನು ವಿವರಿಸಿದರು. ಮುಂದೆ ಅವರು ಕೆಲಸ ಮಾಡಿದ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದಿಂದ 1945ರಲ್ಲಿ 'ಟೈನಿ ಟಿಮ್' ಎಂಬ ತಳಿ ಹೊರಬಂತು. ಒಂದೂವರೆ ಅಡಿಯೊಳಗಿನ ಗಿಡ, ಚೆರ್ರಿ ಗಾತ್ರದ ಹಣ್ಣು. ಕುಂಡದ ಟೊಮೇಟೊಗಳಲ್ಲಿ ಹಿರಿಯಣ್ಣನೆಂದೇ ಹೇಳಬಹುದು.

ಆದರೆ ತಾನಾಗಿ ನಿಲ್ಲುವ ಈ ಗುಣದಿಂದ ಹೆಚ್ಚು ಲಾಭ ಪಡೆದವರು ಕುಂಡದವರಲ್ಲ, ಕಾರ್ಖಾನೆಯವರು. ಗಿಡ ಮೋಟು, ಹಣ್ಣೆಲ್ಲ ಒಟ್ಟಿಗೆ ಮಾಗುತ್ತದೆ ಎಂದಮೇಲೆ ಯಂತ್ರದಿಂದಲೇ ಕೊಯ್ಯಬಹುದಲ್ಲ! ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜ್ಯಾಕ್ ಹ್ಯಾನ್ನಾ ಯಂತ್ರಕ್ಕೊಗ್ಗುವ ಟೊಮೇಟೊವನ್ನೂ, ಕೋಬಿ ಲೊರೆಂಜನ್ ಟೊಮೇಟೊಗೊಗ್ಗುವ ಯಂತ್ರವನ್ನೂ ರೂಪಿಸಿದರು. ಮೆಕ್ಸಿಕೊದಿಂದ ಕೂಲಿಗಳನ್ನು ಕರೆತರುವ ವ್ಯವಸ್ಥೆ 1964ರಲ್ಲಿ ಕೊನೆಗೊಂಡ ಮೇಲೆ ಯಂತ್ರಗಳು ಹೊಲ ತುಂಬಿದವು. ಸಾವಿರಾರು ಕೊಯ್ಲುಗಾರರು ಕೆಲಸ ಕಳೆದುಕೊಂಡರು, ಸಣ್ಣ ಬೆಳೆಗಾರರು ಹಿಂದೆ ಸರಿದರು. ಟೊಮೇಟೊವನ್ನು ಮೊದಲು ಹಿಗ್ಗಿಸಿದ ಮೆಕ್ಸಿಕೊದ ರೈತರ ವಂಶದವರೇ ಆ ಕೂಲಿಗಳಲ್ಲೂ ಇದ್ದಿರಬೇಕು ಎಂದುಕೊಂಡಾಗ ಮನಸ್ಸು ಭಾರವಾಗುತ್ತದೆ.

ಕುಂಡಕ್ಕೆ ಮರಳೋಣ. 1989ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸ್ಕಾಟ್ ಮತ್ತು ಹಾರ್ಬಾ ಎಂಬುವರು 'ಮೈಕ್ರೊ ಟಾಮ್' ತಳಿಯನ್ನು ಬಿಡುಗಡೆ ಮಾಡಿದರು. ಎತ್ತರ ಗೇಣಿನ ಆಸುಪಾಸು. ತಾನಾಗಿ ನಿಲ್ಲುವ ಗುಣದ ಜೊತೆಗೆ, ಕಾಂಡವನ್ನು ಉದ್ದವಾಗಿಸುವ ಒಂದು ಹಾರ್ಮೋನಿನ ಕೊರತೆಯೂ ಅದರಲ್ಲಿ ಸೇರಿದೆ. ಅದಕ್ಕೇ ಎಲೆಗಳು ಗಾಢ ಹಸಿರು, ಮುದುಡಿದಂತೆ. ಅಲಂಕಾರಕ್ಕೆಂದು ಬಂದ ಈ ಗಿಡವನ್ನು 1997ರಿಂದ ವಿಜ್ಞಾನಿಗಳು ಪ್ರಯೋಗಾಲಯಕ್ಕೆ ಒಯ್ದರು. ಸ್ವಲ್ಪ ಜಾಗ ಸಾಕು, ಬಿತ್ತಿದ ಮೂರು ತಿಂಗಳೊಳಗೆ ಹಣ್ಣು. 2012ರಲ್ಲಿ ಟೊಮೇಟೊವಿನ ಸಮಗ್ರ ವಂಶವಾಹಿ ನಕ್ಷೆ ಪ್ರಕಟವಾಯಿತು. ಅದರ ಹನ್ನೆರಡು ವರ್ಣತಂತುಗಳಲ್ಲಿ ಐದನೆಯದರ ಹೊಣೆ ಹೊತ್ತವರು ದೆಹಲಿಯ ವಿಜ್ಞಾನಿಗಳೆಂಬುದು ನಮಗೆ ಹೆಮ್ಮೆಯ ಸಂಗತಿ. 2022-23ರಲ್ಲಿ 'ರೆಡ್ ರಾಬಿನ್' ಎಂಬ ಕುಬ್ಜ ತಳಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹಣ್ಣು ಬಿಟ್ಟಿತು. ಗಗನಯಾತ್ರಿ ಫ್ರ್ಯಾಂಕ್ ರುಬಿಯೊ ನಿಲ್ದಾಣದಲ್ಲಿ ಬೆಳೆದ ಟೊಮೇಟೊ ಹಣ್ಣೊಂದನ್ನು ಕಳೆದುಕೊಂಡು, ತಾನೇ ತಿಂದುಬಿಟ್ಟನೆಂಬ ಸಹೋದ್ಯೋಗಿಗಳ ತಮಾಷೆಯ ಆರೋಪ ಹೊತ್ತರು. ಹಣ್ಣು ಸಿಕ್ಕಿತೆಂದು 2023ರ ಡಿಸೆಂಬರಿನಲ್ಲಿ ಸುದ್ದಿ ಬಂತು. ಆಗ ಅವರು ಭೂಮಿಗೆ ಮರಳಿ ಎರಡು ತಿಂಗಳಾಗಿತ್ತು!

ಇತಿಹಾಸ ತಿಳಿದರೆ ಆರೈಕೆಗೂ ಅನುಕೂಲ. ಕುಂಡದ ಮೋಟು ತಳಿಯ ಕವಲುಗಳನ್ನು ಚಿವುಟಬೇಡಿ. ಚಪ್ಪರದ ಗಿಡಕ್ಕೆ ಚಿವುಟುವುದು ಒಳ್ಳೆಯದು, ಆದರೆ ತಾನಾಗಿ ನಿಲ್ಲುವ ಗಿಡದ ಕವಲು ಕಿತ್ತರೆ ಹಣ್ಣನ್ನೇ ಕಿತ್ತಂತೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ ಹಣ್ಣು ಬಿರಿಯುತ್ತದೆ, ತುದಿ ಕಪ್ಪಾಗುತ್ತದೆ. ಐದನೆಯ ಮಹಡಿಗೆ ದುಂಬಿ ಬರದಿದ್ದರೆ ಹೂ ಬಿಟ್ಟ ಗಿಡವನ್ನು ಬೆಳಿಗ್ಗೆ ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುವುದರಿಂದ ಅಷ್ಟೇ ಸಾಕು.

ಮಗುವಿಗೆ ಹೇಳಲು ಈಗ ಕಥೆಯೇ ಇಲ್ಲವಾಯಿತಲ್ಲ ಎಂದು ನನ್ನ ವಿದ್ಯಾರ್ಥಿ ಕೇಳಿಯಾನು. ಜಾನ್ಸನ್ ಬದಲಿಗೆ ಒಂದು ನಿಜವಾದ ಕಥೆ ಕೊಡುತ್ತೇನೆ. ಗಲಾಪಗೋಸ್ ದ್ವೀಪಗಳಲ್ಲೂ ಒಂದು ಕಾಡು ಟೊಮೇಟೊ ಇದೆ. ಅದರ ಬೀಜ ಬಿತ್ತಿದರೆ ಸುಲಭವಾಗಿ ಮೊಳೆಯುತ್ತಿರಲಿಲ್ಲ. ಚಾರ್ಲ್ಸ್ ರಿಕ್ ಎಂಬ ಟೊಮೇಟೊ ವಿಜ್ಞಾನಿ ಸಹೋದ್ಯೋಗಿಯೊಂದಿಗೆ ಆ ಹಣ್ಣನ್ನು ದೈತ್ಯ ಆಮೆಗಳಿಗೆ ತಿನ್ನಿಸಿ, ವಾರಗಟ್ಟಲೆ ಕಾದು, ಹೊರಬಂದ ಬೀಜಗಳನ್ನು ಬಿತ್ತಿದರು. ಅವು ಮೊಳೆತವು. 1961ರಲ್ಲಿ ಅದನ್ನು ಪ್ರಕಟಿಸಿದರು. ಈ ಕಥೆಗೆ ಸಾಕ್ಷಿ ಇದೆ, ಜಾನ್ಸನ್ ಕಥೆಗಿಂತ ಸ್ವಾರಸ್ಯವೂ ಇದೆ.

ಕರಿಹಲಗೆಯ ಮೇಲೆ ತಪ್ಪು ಬರೆದಾಗ ನೀವು ಯಾರಾದರೂ ಕೈಯೆತ್ತಿ ಹೇಳುತ್ತಿದ್ದಿರಿ, ನಾನು ಒರೆಸಿ ಸರಿಪಡಿಸುತ್ತಿದ್ದೆ. ಈ ತಪ್ಪನ್ನು ಒರೆಸಲು ಇಷ್ಟು ವರ್ಷ ಹಿಡಿಯಿತು. ನಾನು ಹೇಳಿದ ಬೇರೆ ಕಥೆಗಳ ಬಗ್ಗೆ ಯಾರಿಗಾದರೂ ಸಂಶಯವಿದ್ದರೆ ದಯವಿಟ್ಟು ಕೈಯೆತ್ತಿ. ಕೇಳಿದವರನ್ನು ಅಂದೂ ಬೆಂಚಿನ ಮೇಲೆ ನಿಲ್ಲಿಸಿದವನಲ್ಲ ನಾನು.

ಎಲ್ಲರಿಗೂ ಒಳ್ಳೆಯದಾಗಲಿ. ಕುಂಡಗಳು ತುಂಬಿರಲಿ.