ಸ್ಕೂಬಾ ರೆಗ್ಯುಲೇಟರ್ ಸರ್ವಿಸ್: ವರ್ಷದ ಲೆಕ್ಕವೋ, ಡೈವ್ ಲೆಕ್ಕವೋ?

ಮುರ್ಡೇಶ್ವರದಿಂದ ನೇತ್ರಾಣಿಗೆ ಹೊರಟಿದ್ದ ದೋಣಿ. ನನ್ನ ಪಾಲಿಗೆ ಬಂದ ರೆಗ್ಯುಲೇಟರ್ ಸಣ್ಣಗೆ ಸುಯ್ ಅನ್ನುತ್ತಿತ್ತು. "ಇದು ಸರ್ವಿಸ್ ಆಗಿದ್ದು ಯಾವಾಗ?" ಅಂತ ಕೇಳಿದೆ. "ವರ್ಷಾ ವರ್ಷಾ ಮಾಡಿಸ್ತೀವಿ ಸರ್, ಏನೂ ಆಗಲ್ಲ" ಅಂದರು. ದಾಖಲೆ ಇದೆಯಾ ಅಂದಿದ್ದಕ್ಕೆ ನಕ್ಕರು. ಬೇರೆ ಸೆಟ್ ಕೊಟ್ಟರು, ಡೈವ್ ಚೆನ್ನಾಗಿಯೇ ಆಯಿತು. ಆದರೆ ಆ "ವರ್ಷಾ ವರ್ಷಾ" ಅನ್ನೋ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನಿಜವೇ ಆಗಿದ್ದರೂ ಆ ಉತ್ತರ ಸಾಲದು. ಯಾಕೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಚುಟುಕು ಉತ್ತರ

ಸ್ವಂತ ರೆಗ್ಯುಲೇಟರ್ ಇಟ್ಟುಕೊಂಡವರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಎರಡು ವರ್ಷ ಅಥವಾ 100 ಡೈವ್, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಬೇಕು. ಇದು ಇವತ್ತು ಹೆಚ್ಚು ಚಾಲ್ತಿಯಲ್ಲಿರುವ ಲೆಕ್ಕ. ನಿಮ್ಮ ಮಾಡೆಲ್‌ನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದ್ದೇ ಅಂತಿಮ. ಬಾಡಿಗೆ ಸೆಟ್‌ಗಳಿಗೆ ವರ್ಷದ ಲೆಕ್ಕವನ್ನ ಮರೆತುಬಿಡಿ, ಡೈವ್ ಎಣಿಸಿ.

ಅದು ಮಾಡುವ ಕೆಲಸ ಏನು?

ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲೆ ಕೂರುವ ರೆಗ್ಯುಲೇಟರ್ ಗೊತ್ತಲ್ಲ? ಇದು ಅದರ ದೂರದ ಅಣ್ಣ. ಡೈವಿಂಗ್ ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಬೈಕ್ ಟೈರಿನಲ್ಲಿರುವ ಒತ್ತಡಕ್ಕಿಂತ ಹೆಚ್ಚುಕಮ್ಮಿ ನೂರು ಪಟ್ಟು. ಅದನ್ನ ನೇರವಾಗಿ ಬಾಯಿಗೆ ಬಿಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಎರಡು ಮೆಟ್ಟಿಲಲ್ಲಿ ಇಳಿಸುತ್ತಾರೆ. ಸಿಲಿಂಡರಿಗೆ ಬಿಗಿಯುವ ಫಸ್ಟ್ ಸ್ಟೇಜ್ ಅದನ್ನ ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚಿಗೆ ಇರುವಷ್ಟಕ್ಕೆ ತರುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನ ಸುತ್ತಲಿನ ಒತ್ತಡಕ್ಕೆ ಸಮ ಮಾಡಿ, ಉಸಿರು ಎಳೆದಾಗ ಮಾತ್ರ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸಿದ ಆಕ್ವಾ-ಲಂಗ್‌ನ ಮೂಲ ಉಪಾಯವೂ ಇದೇ: ಕೇಳಿದಾಗ ಕೊಡು, ಕೇಳದಿದ್ದಾಗ ಮುಚ್ಚಿಕೋ.

ಇಷ್ಟು ಕೆಲಸ ಮಾಡುವ ಭಾಗಗಳು ತೀರಾ ಸಾಮಾನ್ಯ. ರಬ್ಬರಿನ ಓ-ರಿಂಗ್‌ಗಳು, ಸ್ಪ್ರಿಂಗ್, ಡಯಾಫ್ರಂ ಅಥವಾ ಪಿಸ್ಟನ್, ಗಾಳಿಯ ದಾರಿ ಮುಚ್ಚುವ ಸಣ್ಣ ಸೀಟ್, ಗಾಳಿ ಒಳಬರುವಲ್ಲಿ ಒಂದು ಲೋಹದ ಫಿಲ್ಟರ್. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಬರುವ ಮೊದಲೇ ಆವಿ ಸೋರುತ್ತದಲ್ಲ, ಇಲ್ಲಿಯೂ ಅದೇ ಕಥೆ. ರಬ್ಬರು ಗಟ್ಟಿಯಾಗುತ್ತದೆ, ಸೀಟಿನ ಮೇಲೆ ಗೀರು ಬೀಳುತ್ತದೆ, ಉಪ್ಪು ಒಣಗಿ ಹರಳಾಗಿ ಮೂಲೆಯಲ್ಲಿ ಕೂರುತ್ತದೆ.

ಸಮಾಧಾನದ ವಿಷಯವೂ ಒಂದಿದೆ. ಈಗಿನ ರೆಗ್ಯುಲೇಟರ್‌ಗಳು ಕೆಟ್ಟರೆ ಸಾಮಾನ್ಯವಾಗಿ ತೆರೆದುಕೊಂಡು ಕೆಡುತ್ತವೆ. ಅಂದರೆ ಗಾಳಿ ನಿಲ್ಲುವುದಿಲ್ಲ, ಭರ್ರೋ ಅಂತ ಸುರಿಯುತ್ತದೆ. ಇದಕ್ಕೆ ಫ್ರೀ-ಫ್ಲೋ ಅನ್ನುತ್ತಾರೆ. ಅನುಭವಿಗೆ ಇದು ತಾಪತ್ರಯ ಅಷ್ಟೇ. ಮೊದಲ ಸಲ ನೀರಿಗಿಳಿದವರ ಮಾತು ಬೇರೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡರಷ್ಟು. ಅಲ್ಲಿ ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಜೀವಕ್ಕೇ ಕುತ್ತು ಬರಬಹುದು. ಉಪಕರಣದ ಸಣ್ಣ ದೋಷ ದೊಡ್ಡದಾಗುವುದು ಈ ದಾರಿಯಲ್ಲಿ.

100 ಡೈವ್ ಅನ್ನೋದು ಎಲ್ಲಿಂದ ಬಂತು?

ಮೊದಲೆಲ್ಲ "ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್" ಅನ್ನೋದೇ ವೇದವಾಕ್ಯ. ಈಗ ಆಕ್ವಾ ಲಂಗ್, ಏಪೆಕ್ಸ್‌ನಂಥ ತಯಾರಕರು ಎರಡು ವರ್ಷ ಅಥವಾ 100 ಡೈವ್ ಅನ್ನುತ್ತಾರೆ, ನಡುವೆ ವಾರ್ಷಿಕ ತಪಾಸಣೆ ಇರಬೇಕು. ಅಟಾಮಿಕ್ ಆಕ್ವಾಟಿಕ್ಸ್ ಎರಡು ವರ್ಷ ಅಥವಾ 300 ಡೈವ್ ಅನ್ನುತ್ತದೆ. ಅದರದ್ದೇ ಟೈಟಾನಿಯಂ ಮಾಡೆಲ್ ಟಿ3ಗೆ ಮೂರು ವರ್ಷ ಅಥವಾ 500 ಡೈವ್. ಅಂದರೆ ಈ ಸಂಖ್ಯೆಗಳು ಪ್ರಕೃತಿ ನಿಯಮವಲ್ಲ. ವಿನ್ಯಾಸ, ಲೋಹ, ಸೀಟಿನ ವಸ್ತು, ಕಂಪನಿ ಎಷ್ಟು ಹೊಣೆ ಹೊರಲು ತಯಾರಿದೆ, ಎಲ್ಲ ಸೇರಿ ಬಂದ ಅಂದಾಜು.

ಈಗ ಬಾಡಿಗೆ ಸೆಟ್‌ನ ಲೆಕ್ಕ ಹಾಕಿ. ದಿನಕ್ಕೆ ಎರಡು ಡೈವ್, ತಿಂಗಳಿಗೆ ಇಪ್ಪತ್ತು ದಿನ ಅಂದುಕೊಳ್ಳೋಣ. ತಿಂಗಳಿಗೆ 40. ಎರಡೂವರೆ ತಿಂಗಳಿಗೆ 100 ಮುಗಿಯಿತು. ಮಳೆಗಾಲ ಬಿಟ್ಟು ಎಂಟು ತಿಂಗಳ ಸೀಸನ್ ಹಿಡಿದರೆ 320. ಅಂಥ ಸೆಟ್ಟಿಗೆ "ವರ್ಷಾ ವರ್ಷಾ ಮಾಡಿಸ್ತೀವಿ" ಅಂದರೆ, 100 ಡೈವ್ ನಿಯಮದ ಪ್ರಕಾರ ಮೂರು ಸಲ ಆಗಬೇಕಿದ್ದದ್ದು ಒಂದೇ ಸಲ ಆಗಿದೆ ಅಂತ ಅರ್ಥ. ದೋಣಿಯ ಮೇಲಿನ ಆ ಉತ್ತರ ನಿಜವಾಗಿದ್ದೂ ಸಾಲದು ಅಂದದ್ದು ಇದಕ್ಕೇ. "ಯಾವುದು ಮೊದಲೋ ಅದು" ಅನ್ನುವ ಷರತ್ತನ್ನು ಕಿತ್ತುಹಾಕಿ ಉಳಿದದ್ದನ್ನು ಮಾತ್ರ ಹೇಳುವುದು ಬಹಳ ಸುಲಭ.

ಹಾಗಾದ್ರೆ ಪದೇ ಪದೇ ಬಿಚ್ಚಿಸಿದರೆ ಒಳ್ಳೆಯದಾ?

ಇಲ್ಲ. ಮೆಕ್ಯಾನಿಕಲ್ ಓದುವಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ವಿಮಾನಗಳ ದಾಖಲೆ ನೋಡಿದ ವಿಜ್ಞಾನಿ ಸಿ.ಎಚ್. ವಾಡಿಂಗ್ಟನ್ ತಂಡಕ್ಕೆ ವಿಚಿತ್ರವೊಂದು ಕಂಡಿತು. ನಿಗದಿತ ತಪಾಸಣೆ ಮುಗಿದ ಕೂಡಲೇ ರಿಪೇರಿಗಳು ಹೆಚ್ಚಾಗುತ್ತಿದ್ದವು, ದಿನ ಕಳೆದಂತೆ ಕಡಿಮೆಯಾಗುತ್ತಿದ್ದವು. ಚೆನ್ನಾಗಿದ್ದದ್ದನ್ನು ಬಿಚ್ಚಿ ಜೋಡಿಸುವುದರಿಂದಲೇ ತೊಂದರೆ ಹುಟ್ಟುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗಾಗಿ ಬರೆದ ವರದಿಯೂ ಇದೇ ದಿಕ್ಕಿನದು. ಅವರು ನೋಡಿದ ವಿಮಾನ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ಇದ್ದದ್ದು ಕೇವಲ ಶೇ. 11ರಷ್ಟಕ್ಕೆ.

ಇದನ್ನೇ ನೆಪ ಮಾಡಿಕೊಂಡು "ಸರ್ವಿಸ್ ಬೇಡವೇ ಬೇಡ" ಅನ್ನುವವರಿದ್ದಾರೆ. ಅದು ತಪ್ಪು. ಸವೆದೇ ಕೆಡುವ ಸರಳ ಭಾಗಗಳಿಗೆ ಕಾಲಮಿತಿ ಬೇಕೇ ಬೇಕು ಅನ್ನೋದೂ ಆ ವರದಿಯ ತಿರುಳೇ. ಓ-ರಿಂಗ್, ಸೀಟ್ ಆ ಜಾತಿಗೆ ಸೇರಿದವು, ಜೊತೆಗೆ ಉಪ್ಪುನೀರು. ಇದರಿಂದ ಕಲಿಯಬೇಕಾದ ಪಾಠ ಬೇರೆ: ಸರ್ವಿಸ್ ಆಗಿ ಬಂದ ರೆಗ್ಯುಲೇಟರನ್ನು ಮೊದಲ ದಿನವೇ ಆಳಕ್ಕೆ ಒಯ್ಯಬೇಡಿ. ಈಜುಕೊಳದಲ್ಲೋ ಎದೆಮಟ್ಟದ ನೀರಿನಲ್ಲೋ ಒಮ್ಮೆ ಉಸಿರಾಡಿ ನೋಡಿ. ಸರ್ವಿಸ್ ಅಂದರೆ ಬಿಚ್ಚಿ ತೊಳೆದು, ಓ-ರಿಂಗ್, ಸೀಟ್, ಫಿಲ್ಟರ್ ಬದಲಿಸಿ, ಮಧ್ಯದ ಒತ್ತಡ ಸರಿಹೊಂದಿಸಿ, ಗೇಜ್ ಹಾಕಿ ಪರೀಕ್ಷಿಸಿ ಅಳತೆ ಬರೆದುಕೊಡುವುದು. ನೀರಲ್ಲಿ ಜಾಲಾಡಿ ಒರೆಸಿ ಕೊಟ್ಟರೆ ಅದು ಸರ್ವಿಸ್ ಅಲ್ಲ.

ದೋಣಿಯ ಮೇಲೆ ಐದು ನಿಮಿಷದ ಪರೀಕ್ಷೆ

ಒಂದು: ಸಿಲಿಂಡರ್ ವಾಲ್ವ್ ತೆರೆಯುವ ಮೊದಲೇ ಸೆಕೆಂಡ್ ಸ್ಟೇಜ್ ಬಾಯಲ್ಲಿಟ್ಟು ಎಳೆಯಿರಿ. ಗಾಳಿ ಬರಬಾರದು, ತುಟಿ ಹಿಡಿದಂತಾಗಬೇಕು. ಬಂದರೆ ಎಲ್ಲೋ ತೂತಿದೆ, ನೀರೂ ಅಲ್ಲಿಂದಲೇ ಬರುತ್ತದೆ.

ಎರಡು: ಫಸ್ಟ್ ಸ್ಟೇಜಿನ ಫಿಲ್ಟರ್ ನೋಡಿ. ಹಸಿರು ಕಂಡರೆ ಉಪ್ಪುನೀರು ಒಳಹೊಕ್ಕು ಲೋಹ ಕಿಲುಬು ಹಿಡಿದಿದೆ. ಕೆಂಪು-ಕಂದು ಕಂಡರೆ ಉಕ್ಕಿನ ಸಿಲಿಂಡರಿನ ತುಕ್ಕು. ಕಪ್ಪು ಪುಡಿ ಇದ್ದರೆ ಕಂಪ್ರೆಸರ್‌ನ ಕಾರ್ಬನ್ ಆಗಿರಬಹುದು.

ಮೂರು: ವಾಲ್ವ್ ತೆರೆದು ಕಿವಿಗೊಡಿ. ಸುಯ್ ಅನ್ನಬಾರದು. ಹೋಸ್ ಬಾಗುವಲ್ಲಿ ಬಿರುಕಿದೆಯಾ, ಬಾಯಿಕಚ್ಚು ಹರಿದಿದೆಯಾ ನೋಡಿ.

ನಾಲ್ಕು: ಪ್ರೆಶರ್ ಗೇಜ್ ನೋಡುತ್ತಾ ಐದಾರು ಸಲ ಜೋರಾಗಿ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿದೆ.

ಐದು: ಆಕ್ಟೋಪಸ್, ಅಂದರೆ ಹೆಚ್ಚುವರಿ ಸೆಕೆಂಡ್ ಸ್ಟೇಜ್, ಅದರಲ್ಲೂ ಉಸಿರಾಡಿ. ಯಾರೂ ಬಳಸದೆ ಕೆಟ್ಟಿರುವುದು ಸಾಮಾನ್ಯವಾಗಿ ಅದೇ.

ಸ್ವಂತ ಸೆಟ್ ಇರುವವರು ಒಂದು ಮಧ್ಯಂತರ ಒತ್ತಡದ ಗೇಜ್ ಇಟ್ಟುಕೊಂಡರೆ ಒಳ್ಳೆಯದು. ವಾಲ್ವ್ ತೆರೆದ ಮೇಲೆ ಮುಳ್ಳು ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ನಿಧಾನಕ್ಕೆ ಮೇಲಕ್ಕೆ ತೆವಳುತ್ತಿದ್ದರೆ ಫಸ್ಟ್ ಸ್ಟೇಜಿನ ಸೀಟ್ ಸೋರುತ್ತಿದೆ. ನೂರು ಡೈವ್ ಆಗಿರಲಿ ಬಿಡಲಿ, ಅವತ್ತೇ ಸರ್ವಿಸ್‌ಗೆ ಕೊಡಿ. ತರಬೇತಿ ಇಲ್ಲದೆ ನೀವೇ ಬಿಚ್ಚಲು ಹೋಗಬೇಡಿ.

ಡೈವ್ ಮುಗಿದ ಮೇಲೆ ಡಸ್ಟ್ ಕ್ಯಾಪ್ ಹಾಕಿ ಸಿಹಿನೀರಲ್ಲಿ ನೆನೆಸಿ. ಒಳಗೆ ಒತ್ತಡ ಇಲ್ಲದಾಗ ಪರ್ಜ್ ಗುಂಡಿ ಒತ್ತಬೇಡಿ, ನೀರು ಒಳಗೆ ಹೋಗುತ್ತದೆ. ನೆರಳಲ್ಲಿ ಒಣಗಿಸಿ. ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೆಟ್ ಸುಮ್ಮನೆ ಬಿದ್ದಿರುತ್ತದೆ. ಸೀಸನ್ ಶುರುವಾಗುವ ಮುಂಚೆ ಒಂದು ಸರ್ವಿಸ್ ಅನ್ನೋದು ನಮ್ಮ ಹವೆಗೆ ಸರಿಹೊಂದುವ ವೇಳಾಪಟ್ಟಿ.

ಇದರಲ್ಲಿ ರಾಜಕೀಯ ಎಲ್ಲಿಂದ ಬಂತು?

ಮನರಂಜನಾ ಡೈವಿಂಗ್‌ನ 947 ಸಾವುಗಳನ್ನು ಪರಿಶೀಲಿಸಿದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ 2008ರ ಅಧ್ಯಯನದಲ್ಲಿ, ಮೊದಲ ಕಾರಣ ಗುರುತಿಸಲು ಆದ ಪ್ರಕರಣಗಳ ಪೈಕಿ ಶೇ. 41ರಲ್ಲಿ ಗಾಳಿ ಸಾಲದೆ ಹೋದದ್ದು, ಶೇ. 15ರಲ್ಲಿ ಉಪಕರಣದ ತೊಂದರೆ. ಅಂದರೆ ಉಪಕರಣ ಮೊದಲನೇ ವಿಲನ್ ಅಲ್ಲ. ಹಾಗಂತ ಕಡೆಗಣಿಸುವಂಥದ್ದೂ ಅಲ್ಲ. ಮತ್ತು ಆ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಪ್ರವಾಸಿ ಅರ್ಧ ಗಂಟೆ ಇದ್ದು ಫೋಟೋ ತೆಗೆಸಿಕೊಂಡು ಹೋಗುತ್ತಾನೆ. ಅವನನ್ನು ಹಿಡಿದುಕೊಂಡು ಇಳಿಯುವ ಹುಡುಗರು ಅಂಗಡಿಯ ಸೆಟ್ ಹಾಕಿಕೊಂಡು ದಿನವಿಡೀ, ಸೀಸನ್ ಪೂರ್ತಿ ಇಳಿಯುತ್ತಾರೆ. ರೆಗ್ಯುಲೇಟರ್ ಸರ್ವಿಸ್ ಅವರ ಪಾಲಿಗೆ ಕೆಲಸದ ಜಾಗದ ಸುರಕ್ಷತೆಯ ಪ್ರಶ್ನೆ.

ಸಿಲಿಂಡರಿಗೆ ನಮ್ಮಲ್ಲಿ ಕಾನೂನಿದೆ: 2016ರ ಗ್ಯಾಸ್ ಸಿಲಿಂಡರ್ ನಿಯಮಗಳು. ಸಾಹಸ ಪ್ರವಾಸೋದ್ಯಮಕ್ಕೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಮಾರ್ಗಸೂಚಿ ತಂದಿತು, ಸ್ಕೂಬಾ ಕೂಡ ಅದರಲ್ಲಿದೆ. ಆದರೆ ಮಾರ್ಗಸೂಚಿ ಕಾನೂನಲ್ಲ. ಇನ್ನೊಂದು ಕಡೆ, ಅನೇಕ ಕಂಪನಿಗಳು ಬಿಡಿಭಾಗಗಳನ್ನು ತಮ್ಮ ಅಧಿಕೃತ ತಂತ್ರಜ್ಞರಿಗೆ ಮಾತ್ರ ಮಾರುತ್ತವೆ. ಅಂಥವರು ಹತ್ತಿರ ಇಲ್ಲದಿದ್ದರೆ ಸೀಸನ್ ನಡುವೆ ಸೆಟ್ ಕಳಿಸುವುದು ಅಂದರೆ ಸಣ್ಣ ಅಂಗಡಿಗೆ ದುಡಿಮೆಯೇ ನಿಂತಂತೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್-ಟ್ಯಾಬ್ಲೆಟ್, ಗೃಹಬಳಕೆ ವಸ್ತು, ವಾಹನ. ಜೀವ ಹಿಡಿದಿಡುವ ಇಂಥ ಉಪಕರಣಗಳು ಆ ಪಟ್ಟಿಯಲ್ಲಿರಲಿಲ್ಲ. ಅಂಗಡಿಯವರನ್ನು ಮಾತ್ರ ಬೈದರೆ ಅರ್ಧ ಮಾತು ಹೇಳಿದಂತೆ.

ಹಾಗಂತ ನಿಯಮ ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಸೆಟ್ಟಿಗೂ ಒಂದು ನಂಬರ್, ಒಂದು ನೋಟ್‌ಬುಕ್, ದಿನಕ್ಕೆ ಎಷ್ಟು ಡೈವ್ ಅಂತ ಒಂದು ಗೆರೆ. ಇದಕ್ಕೆ ಖರ್ಚು ಇಪ್ಪತ್ತೋ ಮೂವತ್ತೋ ರೂಪಾಯಿ. ಮುಂದಿನ ಸಲ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಸೆಟ್ಟಿನ ಕೊನೆಯ ಸರ್ವಿಸ್ ಯಾವಾಗ? ಆಮೇಲೆ ಎಷ್ಟು ಡೈವ್ ಆಗಿದೆ? ಎಲ್ಲಿ ಬರೆದಿಟ್ಟಿದ್ದೀರಿ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲೆರಡರ ಉತ್ತರವೂ ಬರೀ ಬಾಯಿಮಾತು. ನಾನು ದೋಣಿಯಲ್ಲಿ ಹೊರಟ ಮೇಲೆ ಕೇಳಿದೆ, ನೀವು ದಡದಲ್ಲೇ ಕೇಳಿ.