ಅಂಟುವಾಳದಿಂದ ಸಾಬೂನಿನವರೆಗೆ

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮಾತು ಉಳಿದಿದೆ, ಹಬ್ಬ ಉಳಿದಿದೆ, ಹುಳಿ-ಸಾರೂ ಉಳಿದಿದೆ. ಪಾತ್ರೆ ಬೆಳಗುವ, ಬಟ್ಟೆ ಒಗೆಯುವ ಹಳೆಯ ತಿಳಿವಳಿಕೆ ಮಾತ್ರ ಸದ್ದಿಲ್ಲದೆ ಜಾರಿಹೋಯಿತು. ಅದು ಹೋದ ಬಗೆಯನ್ನರಿತರೆ, ಅದರಲ್ಲಿ ಎಷ್ಟನ್ನು ಮರಳಿ ಪಡೆಯಬಹುದೆಂಬುದೂ ತಿಳಿದೀತು.

ನಮ್ಮ ಹಿರಿಯರ ಮನೆಯಲ್ಲಿ ಒಂದೊಂದು ಕೊಳೆಗೂ ಒಂದೊಂದು ವಸ್ತುವಿತ್ತು. ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ತಾಮ್ರ-ಹಿತ್ತಾಳೆಗೆ ಹುಣಸೆಹಣ್ಣು, ತಲೆಗೆ ಸೀಗೆಕಾಯಿ, ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳ. ಇದು ಬರಿಯ ರೂಢಿಯಲ್ಲ. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಸೀಗೆ, ಅಂಟುವಾಳಗಳಲ್ಲಿ ನೊರೆ ಕೊಡುವ ಸಪೋನಿನ್ ಇದೆ. ಸಸ್ಯಶಾಸ್ತ್ರದಲ್ಲಿ ಅಂಟುವಾಳಕ್ಕಿರುವ ‘ಸಪಿಂಡಸ್’ ಎಂಬ ಹೆಸರಿನ ಅರ್ಥವೇ ಭಾರತದ ಸಾಬೂನು! ಊರಿನ ಮಡಿವಾಳರಾದರೋ ಚೌಳು ಮಣ್ಣು ಬಳಸಿ ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರು. 12ನೆಯ ಶತಮಾನದ ಶರಣ ಮಡಿವಾಳ ಮಾಚಯ್ಯನವರದೂ ಬಟ್ಟೆ ಮಡಿ ಮಾಡುವ ಕಾಯಕವೇ.

ಕಾರ್ಖಾನೆಯ ಸಾಬೂನು ನಮ್ಮ ನಾಡಿಗೆ ಹೆಮ್ಮೆಯಾಗಿಯೇ ಬಂತು. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕುಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿತು. ಆದರೂ ಅಡಿಗೆಮನೆಯ ಬೂದಿ ಅಲುಗಲಿಲ್ಲ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ನಗರದ ಮನೆಗಳಿಗೆ ಸೀಮೆಎಣ್ಣೆಯ ಸ್ಟವ್ವು, ಅನಂತರ ಗ್ಯಾಸು ಬಂದವು. ಸೌದೆ ಒಲೆ ಆರಿತು, ಬೂದಿಯೂ ಹೋಯಿತು. ನಮ್ಮ ತಾಯಂದಿರು ಆ ವಿದ್ಯೆಯನ್ನು ಮರೆತರೆನ್ನುವುದಕ್ಕಿಂತ, ಅದರ ಸಾಮಗ್ರಿಯೇ ಕೈತಪ್ಪಿತೆನ್ನುವುದು ಸರಿ.

ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಬೂದಿಯಲ್ಲಿ ತಿಕ್ಕಿ ತಿಕ್ಕಿ ಒಡೆದ ಕೈಗಳು ಹೆಂಗಸರವು; ಉಬ್ಬೆಯ ಬಿಸಿ ಉಂಡವರು ಮಡಿವಾಳರು. ಹಾಗೆಂದು ಹೊಸದರ ಬೆಲೆಯೇನೂ ಕಡಿಮೆಯಲ್ಲ. ಚರಂಡಿಯ ಕೊಳಕಿನೊಡನೆ ಡಿಟರ್ಜೆಂಟೂ ಸೇರಿ ಬೆಳ್ಳಂದೂರು ಕೆರೆ ನೊರೆಗಟ್ಟಿತು; 2015ರಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿತು. ದೆಹಲಿಯ ಬಂಧುಗಳು ಯಮುನೆಯ ಮೇಲಿನ ನೊರೆಯನ್ನು ಕಣ್ಣಾರೆ ಕಂಡಿದ್ದಾರೆ.

ಬೂದಿ ಹೋದರೂ ಅಂಟುವಾಳ ಎಲ್ಲಿಗೂ ಹೋಗಿಲ್ಲ. ಮುಂಬಯಿ, ಪುಣೆ, ದೆಹಲಿಗಳಲ್ಲಿ ‘ರೀಠಾ’ ಎಂದೂ, ಹೈದರಾಬಾದಿನಲ್ಲಿ ‘ಕುಂಕುಡುಕಾಯ’ ಎಂದೂ, ಚೆನ್ನೈಯಲ್ಲಿ ‘ಪೂಂದಿಕೊಟ್ಟೈ’ ಎಂದೂ ಕೇಳಿದರೆ ಸಿಗುತ್ತದೆ. ಬೀಜ ತೆಗೆದ 15 ಕಾಯಿಗಳನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ರೇಷ್ಮೆ, ಉಣ್ಣೆ ಬಟ್ಟೆಗಳಿಗೂ ನೆಲ ಒರೆಸಲಿಕ್ಕೂ ಅದು ಒಳ್ಳೆಯದು. ಕಣ್ಣಿಗೆ ತಾಗಿದರೆ ಉರಿಯುತ್ತದೆ. ಬೇಗ ಹಳಸುವುದರಿಂದ ಎರಡು ಮೂರು ದಿನಗಳಲ್ಲಿ ಮುಗಿಸಬೇಕು.

ದೇವರ ಮನೆಯ ತಾಮ್ರದ ಚೊಂಬಿಗೆ ಹುಣಸೆಹಣ್ಣು, ಮದುವೆಯ ಸೀರೆಗೆ ಅಂಟುವಾಳ: ಇವೆರಡನ್ನಾದರೂ ನಮ್ಮ ಮಕ್ಕಳ ಕೈಗೆ ದಾಟಿಸೋಣ, ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ.