ಅಟಾರಿ ಲಿಂಕ್ಸ್: ಬಣ್ಣ ಇತ್ತು, ಬ್ಯಾಟರಿ ಇರಲಿಲ್ಲ

ಕೈಲಿ ಹಿಡಿದು ಆಡೋ ವಿಡಿಯೋ ಗೇಮ್ ಅಂದ್ರೆ ಎಲ್ಲರಿಗೂ ನೆನಪಾಗೋದು ನಿಂಟೆಂಡೊದ ಗೇಮ್ ಬಾಯ್. 1989ರಲ್ಲಿ ಬಂದಾಗ ಅದರ ಪರದೆಯಲ್ಲಿದ್ದದ್ದು ಹಸಿರು ಬಣ್ಣದ ನಾಲ್ಕೇ ಛಾಯೆ. ಅದೇ ವರ್ಷ ಅಮೆರಿಕದಲ್ಲಿ ಬಣ್ಣದ ಎಲ್‌ಸಿಡಿ ಪರದೆಯ, ಕತ್ತಲಲ್ಲೂ ಆಡಬಹುದಾದ ಇನ್ನೊಂದು ಯಂತ್ರ ಬಂದಿತ್ತು. ಅದೇ ಅಟಾರಿ ಲಿಂಕ್ಸ್.

ಹೆಸರು ಅಟಾರಿಯದು, ಆದರೆ ಹೆತ್ತವರು ಬೇರೆ. ಎಪಿಕ್ಸ್ ಅನ್ನೋ ಗೇಮ್ ಕಂಪನಿಯಲ್ಲಿ 'ಹ್ಯಾಂಡಿ' ಅಂತ ಇದನ್ನು ಶುರು ಮಾಡಿದವರು ಡೇವ್ ನೀಡಲ್ ಮತ್ತು ಆರ್.ಜೆ. ಮೈಕಲ್. ಇಬ್ಬರೂ ಅಮಿಗಾ ಕಂಪ್ಯೂಟರ್ ಕಟ್ಟಿದ ತಂಡದವರು. ಎಪಿಕ್ಸ್ ಬಳಿ ದುಡ್ಡು ಖಾಲಿಯಾಗ್ತಾ ಬಂತು. ನಿಂಟೆಂಡೊಗೆ ತೋರಿಸಿದರೆ ಬೇಡ ಅಂದರು. ಕೊನೆಗೆ ಕೈಹಿಡಿದದ್ದು ಅಟಾರಿ. ತಮಾಷೆ ನೋಡಿ, 1984ರಲ್ಲಿ ಅಮಿಗಾ ತನ್ನ ಕೈತಪ್ಪಿ ಕಮೊಡೋರ್ ಪಾಲಾಯ್ತು ಅಂತ ಕೋರ್ಟಿಗೆ ಹೋಗಿದ್ದದ್ದೂ ಇದೇ ಅಟಾರಿ :)

ಒಳಗಿನ ಕೆಲಸ ನೋಡಿದರೆ ಇವತ್ತಿಗೂ ಖುಷಿಯಾಗುತ್ತೆ. ಪ್ರೊಸೆಸರ್ ಹಳೇ 6502 ಕುಟುಂಬದ್ದೇ, ವೇಗ ಸುಮಾರು 4 ಮೆಗಾಹರ್ಟ್ಸ್. ಆದರೆ ಯಂತ್ರದಲ್ಲಿ 'ಮೈಕಿ', 'ಸೂಸಿ' ಅಂತ ಎರಡು ವಿಶೇಷ ಚಿಪ್. ಪರದೆ ಮೇಲಿನ ಚಿತ್ರಗಳನ್ನು ಹಿಗ್ಗಿಸೋದು, ಕುಗ್ಗಿಸೋದು, ಅಷ್ಟೇ ಯಾಕೆ, ಗುಣಾಕಾರ ಭಾಗಾಕಾರ ಕೂಡ ಸೂಸಿಯ ಪಾಲಿನ ಕೆಲಸ. ಎದುರಿಗೆ ಬರೋ ಕಾರು ನಿಜವಾಗಲೂ ದೊಡ್ಡದಾಗ್ತಾ ಬರುತ್ತಿತ್ತು. ಬಣ್ಣಗಳು ಒಟ್ಟು 4096. ಎಡಗೈಯವರು ಯಂತ್ರವನ್ನೇ ತಲೆಕೆಳಗೆ ಹಿಡಿದು ಪರದೆ ತಿರುಗಿಸಿಕೊಳ್ಳಬಹುದಿತ್ತು. ಇಷ್ಟು ಕಾಳಜಿ ಇವತ್ತಿನ ಎಷ್ಟು ಕಂಪನಿಗಳಿಗಿದೆ ಹೇಳಿ?

ಸರಿ, ಮತ್ತೆ ಸೋತದ್ದು ಯಾಕೆ? ಪರದೆಯ ಹಿಂದೆ ಪುಟ್ಟ ಟ್ಯೂಬ್‌ಲೈಟ್ ಥರದ್ದೊಂದು ದೀಪ. ಅದರ ಹಸಿವಿಗೆ ಆರು ಪೆನ್ ಸೆಲ್ ಹಾಕಿದರೂ ನಾಲ್ಕೈದು ಗಂಟೆ ಅಷ್ಟೆ! ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಬೆಲೆಯೂ ಹಾಗೇ, ಲಿಂಕ್ಸ್ ಸುಮಾರು 180 ಡಾಲರ್, ಗೇಮ್ ಬಾಯ್ 90. ಜೊತೆಗೆ ಟೆಟ್ರಿಸ್ ಉಚಿತ. ಗೇಮ್ ಬಾಯ್ ತಂಡದ ಗುನ್‌ಪೆ ಯೊಕೊಯಿ ಹಳೆಯ, ಅಗ್ಗದ ಬಿಡಿಭಾಗಗಳನ್ನೇ ಬೇಕಂತಲೇ ಆರಿಸಿದ್ದರು. ಎಂಜಿನಿಯರ್ ಮನಸ್ಸು ಲಿಂಕ್ಸ್ ಕಡೆ ವಾಲುತ್ತೆ, ಆದರೆ ಸೆಲ್ ಕೊಳ್ಳೋ ಅಪ್ಪನ ಲೆಕ್ಕ ಬೇರೆ ಅಲ್ವಾ.

1991ರಲ್ಲಿ ಅಟಾರಿ ಚಿಕ್ಕದಾದ, 99 ಡಾಲರಿನ ಲಿಂಕ್ಸ್ ತಂದಿತು. ಅಷ್ಟರಲ್ಲಿ ಸೆಗಾದವರ ಗೇಮ್ ಗಿಯರ್ ಕೂಡ ಬಣ್ಣ ಹೊತ್ತು ಬಂದಿತ್ತು (ಅದಕ್ಕೂ ಆರು ಸೆಲ್!). 1993ರಲ್ಲಿ ಅಟಾರಿಯ ಗಮನವೆಲ್ಲ ಜಾಗ್ವಾರ್ ಕಡೆ ತಿರುಗಿತು. ನೀಡಲ್, ಮೈಕಲ್ ಜೋಡಿ ಅದಕ್ಕೆ ಮುಂಚೆಯೇ ಹೊರಬಿದ್ದು 3ಡಿಒ ಕಟ್ಟಲು ಕೂತಿತ್ತು.

ಅಂದ ಹಾಗೆ, ನಿಂಟೆಂಡೊ ತನ್ನ ಗೇಮ್ ಬಾಯ್‌ಗೆ ಬಣ್ಣ ಕೊಟ್ಟದ್ದು 1998ರಲ್ಲಿ. ಎರಡೇ ಸೆಲ್. ದೀಪ ಮಾತ್ರ ಆಗಲೂ ಇರಲಿಲ್ಲ.